ಲತೀಫಾ ಬೀಯ ಕೂಗು

"ಮೇಡಂ, ಆ ಕೂಗು ಒಂದ್ಸಲ ಆಗ್ಲೇಬೇಕು!" ಎಂದು ನಿರೂಪಕನು ನಟಿ ಸುಜಾತಾಳ ಬಾಯಿಗೆ ಮೈಕು ಹಿಡಿದ. ಹುಮನಾಬಾದಿನ ಫಂಕ್ಷನ್ ಹಾಲಿನ ತುಂಬ ಚಪ್ಪಾಳೆ. ಮೂವತ್ತು ವರ್ಷದ ಹಿಂದೆ ಬಸವಕಲ್ಯಾಣದಲ್ಲಿ ಚಿತ್ರೀಕರಿಸಿದ ‘ಕೋಟೆ ಓಣಿ’ ಧಾರಾವಾಹಿಯ ನಟನಟಿಯರನ್ನು ಟಿವಿಯವರು ಮತ್ತೆ ಒಂದೇ ವೇದಿಕೆಗೆ ಕರೆತಂದಿದ್ದರು. ಸುಜಾತಾ ಅದರಲ್ಲಿ ಬಳೆಗಾರ್ತಿಯಾಗಿದ್ದಳು; ಬಳೆ ಮಾರುವ ಅವಳ ಕೂಗು ಆಗ ಮನೆಮಾತಾಗಿತ್ತು.

ಕೊನೆಯ ಸಾಲಿನಲ್ಲಿ ಕುಳಿತ ಲತೀಫಾ ಬೀ ನಿಜವಾದ ಬಳೆಗಾರ್ತಿ. ಆ ಕೂಗೂ ಅವಳದೇ. ಬೆಂಗಳೂರಿನ ನಟಿಗೆ ಈ ಸೀಮೆಯ ಕೂಗು ಒಗ್ಗಲಿಲ್ಲವೆಂದು ಇವಳಿಂದ ಕೂಗಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಧಾರಾವಾಹಿಯ ಕೊನೆಗೆ ನಿನ್ನ ಹೆಸರು ಹಾಕ್ತೀವಿ ಅಂದಿದ್ದರು. ಪಾಪ, ಭಾನುವಾರಕ್ಕೊಮ್ಮೆ ಪಕ್ಕದ ಮನೆಯ ಟಿವಿ ಮುಂದೆ ಕೂತು, ಓದು ಬಲ್ಲವರಿಂದ ಕಟ್ಟಕಡೆಯ ಹೆಸರಿನವರೆಗೂ ಓದಿಸಿದಳು. ಬರಲೇ ಇಲ್ಲ. ಆಮೇಲೆ ಅವಳು ಓಣಿಯಲ್ಲಿ ಕೂಗಿದರೆ, "ಟಿವಿ ನೋಡಿ ಕಲ್ತಾಳ" ಎಂದು ಜನ ನಗತೊಡಗಿದರು. ತನ್ನ ದನಿಗೇ ಕಳ್ಳಿಯಾದದ್ದು ಅವಳಿಗೆ ತಡೆಯಲಾಗುತ್ತಿರಲಿಲ್ಲ.

ಸೊಸೆ ಅರ್ಷಿಯಾ ಕೂಡ ನಂಬಿರಲಿಲ್ಲ. "ಅಮ್ಮಿ, ಅಲ್ಲಿ ಮತ್ತ ಅದೇ ಕಥಿ ತೆಗೀಬ್ಯಾಡ್ರಿ" ಎಂದು ಬಸ್ಸಿನಲ್ಲೇ ಹೇಳಿಬಿಟ್ಟಿದ್ದಳು.

"ಬಳೆ ಬೇಕೇ, ಬಳೆ!" ಸುಜಾತಾ ಕೂಗಿದಳು.

ಅಯ್ಯಯ್ಯೋ! ಇದೂ ಒಂದು ಕೂಗೇ? ‘ಬಳೀ’ ಅನ್ನುವುದನ್ನು ಎಳೆಯಬೇಕು. ಒಳಗೆ ರೊಟ್ಟಿ ಬಡಿಯುವವಳು ಹಿಟ್ಟಿನ ಕೈ ತೊಳೆದು ಬಾಗಿಲಿಗೆ ಬರುವಷ್ಟು ಹೊತ್ತು ಎಳೆಯಬೇಕು. ಲತೀಫಾ ಎದ್ದು ನಿಂತೇಬಿಟ್ಟಳು.

"ಏನ್ ಮಾಡಾಕತ್ತೀರಿ ಅಮ್ಮಿ, ಕುಂದರ್ರಿ!" ಅರ್ಷಿಯಾ ಸೆರಗು ಜಗ್ಗಿದಳು.

"ಬಿಡು ನನ್ನ!" ಎಂದವಳೇ ಲತೀಫಾ ಎದೆ ತುಂಬ ಉಸಿರೆಳೆದುಕೊಂಡಳು. "ಬಳೀ... ಬಂದಾವ್ರೆವ್ವಾ, ಬಳೀ... ಹಸರ ಬಳೀ, ಕೈ ತುಂಬ ಬಳೀ..."

ಹಾಲಿನ ತುಂಬ ತಲೆಗಳು ಹಿಂದಕ್ಕೆ ತಿರುಗಿದವು. ಎಲ್ಲೋ ಒಬ್ಬ ಮುದುಕಿ, "ಯವ್ವಾ, ಇದೇ ನೋಡ್ರಿ ಆ ದನಿ!" ಎಂದಳು.

ಸುಜಾತಾ ಮೈಕು ಹಿಡಿದು ಮೆಟ್ಟಿಲಿಳಿದು ಬಂದಳು. ಬೈಗುಳ ತಿನ್ನಲು ಲತೀಫಾ ಸಜ್ಜಾದಳು.

"ಮೂವತ್ತು ವರ್ಷ ಈ ದನಿಯ ಚಪ್ಪಾಳೆ ನಾನು ತಗೊಂಡೆ," ಸುಜಾತಾ ಕಣ್ಣೊರೆಸಿಕೊಂಡಳು. "ನನ್ನದಲ್ಲ ಅಂತ ಒಂದು ಸಲವೂ ಹೇಳಲಿಲ್ಲ. ತಪ್ಪಾಯ್ತಮ್ಮ."

ಅವಳು ಚಾಚಿದ ಕೈಯನ್ನು ಲತೀಫಾ ರೂಢಿಯಂತೆ ಗೆಣ್ಣಿನ ಹತ್ತಿರ ಹಿಚುಕಿ ಅಳತೆ ನೋಡಿದಳು. "ಆಗ ನಿಮಗ ಬಳೀ ನಾನಽ ಇಡಿಸಿದ್ದೆ, ಎರಡೂ ನಾಕರ ಅಳತಿ. ಈಗ ಎರಡೂ ಎಂಟು ಬೇಕಾಗ್ತಾವ ನೋಡ್ರಿ."

ಸುಜಾತಾ ಅಳುತ್ತಲೇ ನಕ್ಕಳು. ಜನರೆಲ್ಲ ಎದ್ದು ನಿಂತರು. "ನಮ್ಮತ್ತಿ ರೀ! ನಮ್ಮ ಅಮ್ಮಿ!" ಎಂದು ಅರ್ಷಿಯಾ ಕುರ್ಚಿ ಹತ್ತಿ ಚೀರುತ್ತಿದ್ದಳು. ಲತೀಫಾಗೆ ಹಿಗ್ಗು ತಡೆಯಲಾಗಲಿಲ್ಲ.

"ಹೆಸರು ಹೇಳಿ ಅಮ್ಮಾ, ಕ್ಯಾಮರಾ ನೋಡಿ," ಎಂದ ನಿರೂಪಕ.

"ಲತೀಫಾ ಬೀ."

"ಗದ್ದಲದಲ್ಲಿ ಕೇಳಿಸಲಿಲ್ಲ, ಇನ್ನೊಂದ್ಸಲ."

ಅವಳು ಸೆರಗು ಸರಿಮಾಡಿಕೊಂಡು ಎಳೆದು ಹೇಳಿದಳು, ಒಳಗಿದ್ದವಳು ಕೈ ತೊಳೆದು ಬಾಗಿಲಿಗೆ ಬರುವಷ್ಟು ಹೊತ್ತು.