ಎದುರಿನ ಕುರ್ಚಿ

ಅಣ್ಣನ ಬಿಳಿ ಅಂಗಿಯ ಒಂದು ತೋಳು ಇಸ್ತ್ರಿಯಾಗಿತ್ತು. ಇನ್ನೊಂದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸುಕ್ಕು ನೀವುತ್ತಲೇ ಅವಳು ಅಣ್ಣನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು.

ನಾಳೆ ವಿಶ್ವವಿದ್ಯಾಲಯದಲ್ಲಿ ತೆರಿಗೆ ವಿಷಯದ ಕೊನೆಯ ಪರೀಕ್ಷೆ, ಅಣಕು ವಿಚಾರಣೆ. ಮೇಜಿನ ಒಂದು ಕಡೆ ತೆರಿಗೆ ಅಧಿಕಾರಿಯ ಕುರ್ಚಿ, ಎದುರಿಗೆ ವ್ಯಾಪಾರಿಯ ಪರ ವಾದಿಸುವ ಸಲಹೆಗಾರನ ಕುರ್ಚಿ. ಯಾವುದರಲ್ಲಿ ಕೂರುವುದೆಂದು ವಿದ್ಯಾರ್ಥಿಗಳೇ ಆರಿಸಿಕೊಳ್ಳಬೇಕು. ಅಧಿಕಾರಿಯ ಕಡೆಯವರನ್ನು ಕೆಲಸಕ್ಕೆ ಆರಿಸಲು ತೆರಿಗೆ ಇಲಾಖೆಯವರು ಬಂದು ನೋಡುತ್ತಾರೆ, ಇನ್ನೊಂದು ಕಡೆಯವರನ್ನು ಕಂಪನಿಗಳವರು. ನಾಳೆ ಕೂತ ಕಡೆಗೇ ಮುಂದಿನ ಬದುಕೂ ವಾಲುತ್ತದೆಂದು ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವಳ ಕುರ್ಚಿ ಮಾತ್ರ ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು. ಅಣ್ಣ ತೆರಿಗೆ ಸಲಹೆಗಾರ. ಗಂಡನ ಮನೆ ಬಿಟ್ಟು ಬಂದವಳನ್ನು ಮತ್ತೆ ಓದಿಗೆ ಹಚ್ಚಿದವನು ಅವನೇ. ಕಚೇರಿಯಲ್ಲಿ ತನ್ನ ಪಕ್ಕಕ್ಕೆ ಅವಳಿಗೆಂದು ಕುರ್ಚಿ ತರಿಸಿಟ್ಟವನೂ ಅವನೇ. ಮೂವತ್ತು ದಾಟಿದರೂ ಅವನ ಬಾಯಲ್ಲಿ ಅವಳಿನ್ನೂ ಪುಟ್ಟಿ.

"ದಿನಾ ಅವಳನ್ನೇ ಗೋಳು ಹೊಯ್ಕೋತೀರಲ್ರೀ," ಎಂದಳು ಬಟಾಣಿ ಸುಲಿಯುತ್ತಿದ್ದ ಅತ್ತಿಗೆ. "ಇವತ್ತು ಅವಳು ಅಧಿಕಾರಿಯಾಗ್ಲಿ. ನೀವು ಬೆವರೋದನ್ನ ನಾನೂ ನೋಡ್ತೀನಿ."

ಅಣ್ಣ ನಕ್ಕು ಕೈಮುಗಿದ. "ಕೇಳಿ ಮೇಡಂ. ನಮ್ಮ ಕಕ್ಷಿದಾರರು ಸಕ್ಕರೆ ವ್ಯಾಪಾರಿ. ಪೈಪು ಒಡೆದು ಗೋದಾಮಿಗೆ ನೀರು ನುಗ್ತು, ಸಕ್ಕರೆಯೆಲ್ಲ ಹಾಳು. ಲಾಭವೇ ಇಲ್ಲ ಅಂದ್ಮೇಲೆ ತೆರಿಗೆ ಎಲ್ಲಿಂದ?"

ಅವಳು ಪುಸ್ತಕದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಅವನು ಒಂದೊಂದಕ್ಕೂ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟ. ಅವಳು ಅಂಗಿ ಮಗುಚಿದಳು.

"ನೆಲ ತೊಳೆದವರು ಯಾರು?"

"ಏನು?"

"ಒಂದು ಚಮಚ ಪಾಕ ಚೆಲ್ಲಿದ್ರೆ ಅತ್ತಿಗೆ ಎರಡು ದಿನ ಇರುವೆ ಜೊತೆ ಬಡಿದಾಡ್ತಾರೆ. ಇಲ್ಲಿ ಗೋದಾಮು ತುಂಬ ಪಾಕ. ಯಾರೋ ಬಳಿದಿರಲೇಬೇಕಲ್ಲ? ಅವರನ್ನ ಕರೆಸಿ, ಮಾತಾಡ್ತೀನಿ."

ಅತ್ತಿಗೆ ಗೊಳ್ಳೆಂದು ನಕ್ಕಳು. ಅಣ್ಣನ ಮುಖ ಮಾತ್ರ ಬಿಳಿಚಿತು.

"ಹಾಗೆಲ್ಲ ಯಾರೂ ಕೇಳಲ್ಲ."

"ನಾನು ಕೇಳ್ತಿದೀನಲ್ಲ."

"ಸೋಮವಾರ ವಿಚಾರಣೆಯಲ್ಲಿ ಆ ಅಧಿಕಾರಿಗೆ ಇದು ಹೊಳೀದೇ ಇದ್ರೆ ಸಾಕು, ದೇವ್ರೇ!"

ಬಟಾಣಿ ಸುಲಿಯುವ ಸದ್ದು ನಿಂತಿತು. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಪುಸ್ತಕದ ಕೇಸು ಅಂದಿದ್ದೆಯಲ್ಲ ಅಣ್ಣ?"

"ಪುಸ್ತಕ ಪರೀಕ್ಷೆಗೆ, ಪುಟ್ಟಿ. ಇದು ನನ್ನ ಕೈಲಿರೋ ನಿಜವಾದ ಕೇಸು." ಅವನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ದನಿ ತಗ್ಗಿಸಿದ. "ನೀರೂ ನುಗ್ಗಿಲ್ಲ, ಮಣ್ಣೂ ಇಲ್ಲ. ಸಕ್ಕರೆ ಎಂದೋ ಮಾರಾಟವಾಗಿ ಹೋಯ್ತು. ಪ್ರಶ್ನೆ ಹುಟ್ಟಿಸಿದವಳು ನೀನು, ಉತ್ತರಾನೂ ನೀನೇ ಹುಟ್ಟಿಸು. ಯಾರು ತೊಳೆದ್ರು ಅಂತ ಹೇಳ್ಲಿ?"

"ಬಿಡ್ರೀ ಅವಳನ್ನ," ಎಂದಳು ಅತ್ತಿಗೆ. ಈ ಸಲ ಅವಳ ದನಿಯಲ್ಲಿ ನಗುವಿರಲಿಲ್ಲ.

"ನೀನು ಸುಮ್ನಿರು. ಹೇಳು ಪುಟ್ಟಿ. ನಾಳಿದ್ದಿನಿಂದ ಇದೇ ತಾನೆ ನಿನ್ನ ಕೆಲಸ?"

ಅವಳಿಗೆ ಉತ್ತರ ಹೊಳೆದಿತ್ತು. ಅವನು ಕೇಳಿ ಮುಗಿಸುವ ಮುಂಚೆಯೇ ಹೊಳೆದಿತ್ತು. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಕೂಲಿಯವರು ತೊಳೆದರು, ಕಟ್ಟಡ ಮುಗಿಯಿತು, ಅವರು ಎಲ್ಲಿಗೆ ಹೋದರೋ ಯಾರಿಗೆ ಗೊತ್ತು. ಎಲ್ಲೂ ಬಿರುಕಿಲ್ಲದ ಉತ್ತರ. ಅದು ಅಷ್ಟು ಸುಲಭವಾಗಿ ನಾಲಗೆಯ ತುದಿಗೆ ಬಂದು ಕೂತದ್ದಕ್ಕೇ ಅವಳು ಹೆದರಿದಳು. ಇವತ್ತು ಬಾಯಿ ಬಿಟ್ಟರೆ ನಾಳೆ ಇನ್ನೊಂದು ಬರುತ್ತದೆ, ಇದಕ್ಕಿಂತ ಬೇಗ.

ಅಣ್ಣ ಅವಳನ್ನೇ ನೋಡುತ್ತಿದ್ದ. ಅವಳು ಮನೆಗೆ ಮರಳಿ ಬಂದ ದಿನ ಒಂದು ಮಾತೂ ಕೇಳದೆ ಕೈಯಿಂದ ಚೀಲ ಇಸಿದುಕೊಂಡ ಮುಖವೇ ಅದು.

"ಏನೂ ತೋಚ್ತಿಲ್ಲ ಅಣ್ಣ," ಎಂದಳು.

"ತೋಚುತ್ತೆ, ತೋಚುತ್ತೆ. ಪಕ್ಕದಲ್ಲಿ ಕೂತ ಮೇಲೆ ತಾನಾಗೇ ತೋಚುತ್ತೆ." ಅವನು ಎದ್ದು ಅವಳ ತಲೆ ಸವರಿ ಒಳಗೆ ಹೋದ.

ಅತ್ತಿಗೆ ಮತ್ತೆ ಬಟಾಣಿಗೆ ಕೈ ಹಾಕಿದಳು. ಅವಳು ಉಳಿದ ತೋಳನ್ನು ತೀಡಿ ಮುಗಿಸಿ, ಗುಂಡಿಗಳನ್ನು ಹಾಕಿ, ಅಂಗಿಯನ್ನು ಅಣ್ಣನ ಕೋಣೆಯ ಬಾಗಿಲಿಗೆ ತೂಗುಹಾಕಿದಳು. ಆಮೇಲೆ ನಾಳೆ ತಾನು ಉಡಬೇಕಾದ ಸೀರೆಯನ್ನು ಮೇಜಿನ ಮೇಲೆ ಹರಡಿದಳು. ನಾಳೆ ಪರೀಕ್ಷೆಯ ಕೋಣೆಗೆ ಹೋದವಳೇ ಮೇಜನ್ನು ಸುತ್ತು ಹಾಕಿ ಆಚೆ ಬದಿಗೆ ನಡೆದು, ಅಧಿಕಾರಿಯ ಕುರ್ಚಿಯನ್ನು ಎಳೆದುಕೊಂಡು ಕೂರುತ್ತಾಳೆ.

"ಉಪ್ಪಿಟ್ಟು ಸಾಕೇನೇ ಬೆಳಿಗ್ಗೆ?" ಅತ್ತಿಗೆ ಕೇಳಿದಳು.

"ಸಾಕು ಅತ್ತಿಗೆ," ಎಂದು ಅವಳು ಸೆರಗಿನ ಮೇಲೆ ನೀರು ಚಿಮುಕಿಸಿದಳು.