ತೋರಿಸೋ ಮನೆ

“ಏಳ್ರೇ ಮುಂಡೇವೆ! ಗುಂಡಿಗೆ ನೀರು ಬಿಡ್ತಿದೀವಿ, ನಿಮ್ಮ ಗಂಟುಮೂಟೆ ಎತ್ಕೊಳ್ಳಿ!”

ಗುಂಡಿಯ ದಂಡೆಯ ಮೇಲೆ ಕೊಡೆ ಹಿಡಿದು ನಿಂತ ಸೂಪರ್‌ವೈಸರ್ ಬೊಬ್ಬೆ ಹೊಡೆದಾಗ, ಬಾಂಡ್ಲಿಯಕ್ಕ ಕೆಳಗೆ ಶೆಡ್ಡಿನಲ್ಲಿ ಮಗಳ ತಲೆಯ ಮೇಲೆ ಸೋರುತ್ತಿದ್ದ ತಗಡಿನ ತೂತಿಗೆ ಗೋಣಿಚೀಲ ತುರುಕುತ್ತಿದ್ದಳು. ಮಣ್ಣು ಹೊರುವ ಬಾಂಡ್ಲಿ ತಲೆಯಿಂದ ಇಳಿಸದೆ ದುಡಿದವಳೆಂದು ಎಲ್ಲರೂ ಹಾಗೆ ಕರೆಯುತ್ತಿದ್ದರು.

ಈ ಗುಂಡಿ ತೋಡಿದವರಲ್ಲಿ ಅವಳೂ ಒಬ್ಬಳು. ಹೊಸ ಕಟ್ಟಡಗಳ ತಾರಸಿಯಿಂದ, ರಸ್ತೆಗಳಿಂದ ಹರಿಯುವ ಮಳೆನೀರು ಒಮ್ಮೆಲೇ ಊರಿನ ಚರಂಡಿಗೆ ನುಗ್ಗದಿರಲೆಂದು ಅದನ್ನು ತೋಡಿಸಿದ್ದರು. ಬೇಸಿಗೆಯಲ್ಲಿ ಖಾಲಿ ಬಿದ್ದ ಜಾಗ ದಂಡವಾಗುತ್ತದೆಂದು ಕೂಲಿಯವರ ಶೆಡ್ಡುಗಳನ್ನು ಅದರೊಳಗೇ ಹಾಕಿಸಿದರು. ಮಳೆಗೆ ಮುಂಚೆ ಮೇಲೆ ಜಾಗ ಕೊಡುತ್ತೇವೆ ಎಂದವರು ಮತ್ತೆ ಆ ಮಾತೆತ್ತಲಿಲ್ಲ. ಬಾಯಿಬಿಟ್ಟು ಕೇಳಿದವರನ್ನು ಕೆಲಸದಿಂದ ಓಡಿಸಿದರು.

ಅವಳು ಕೆಸರಿನಲ್ಲಿ ಜಾರುತ್ತ ದಂಡೆ ಹತ್ತಿದಳು.

“ಸಾರ್, ನನ್ನ ಮಗಳು ಹಸಿ ಬಾಣಂತಿ, ಒಳಗೆ ಇದಾಳೆ. ಕೂಸಿನ ಹೊಕ್ಕಳೂ ಒಣಗಿಲ್ಲ. ಎತ್ಕೊಂಡು ಬರೋವರೆಗಾದ್ರೂ ತಡೀರಿ.”

“ಸೆಲ್ಲಾರ್‌ಗೆ ನೀರು ನುಗ್ತಿದೆ. ಕಾರುಗಳು ಮುಳುಗಿದ್ರೆ ನಿಮ್ಮಪ್ಪ ತಂದ್ಕೊಡ್ತಾನಾ? ಹೆರೋಕೆ ನಿಮಗೆ ನಮ್ಮ ಗುಂಡೀನೇ ಬೇಕಿತ್ತಾ?”

ಅವನು ಕೈ ಬೀಸಿದ. ಗುಂಡಿಗೆ ನೀರು ಬಿಡುವ ತೂಬಿನ ಕಬ್ಬಿಣದ ಬಾಗಿಲು ಮೇಲೆದ್ದಿತು.

ಸಿಮೆಂಟಿನ ಬಣ್ಣದ ನೀರು ಭೋರೆಂದು ಬಂತು. ಅವಳು ಕೆಳಗೆ ಓಡುವಷ್ಟರಲ್ಲಿ ಒಲೆ ಕರಗಿ ಪಾತ್ರೆಗಳು ತೇಲುತ್ತಿದ್ದವು. ಅಳಿಯ ಹೆಂಡತಿಯನ್ನು ಬೆನ್ನಿಗೆ ಹಾಕಿಕೊಂಡ. ಇವಳು ಕೂಸನ್ನು ಎತ್ತಿ ಹಿಡಿದು ಎದೆಮಟ್ಟದ ನೀರಿನಲ್ಲಿ ನಡೆದಳು. ಒಮ್ಮೆ ಕಾಲು ಜಾರಿತು. ಕೂಸೂ ಮುಳುಗಿ ಎದ್ದಿತು. ದಂಡೆ ಸೇರಿದಾಗ ಅದು ಅಳುತ್ತಿರಲಿಲ್ಲ.

“ಎಲ್ಲಿಗೆ ಹೋಗೋಣ ಅತ್ತೆ?” ಅಳಿಯ ನಡುಗುತ್ತಿದ್ದ.

ಎದುರಿಗೇ ದೀಪ ಉರಿಯುತ್ತಿತ್ತು. ಕೊಳ್ಳುವವರಿಗೆಂದು ಸಿಂಗರಿಸಿಟ್ಟ ಮಾದರಿ ಫ್ಲಾಟು. ಕೂಲಿಯವರ ಬಾಯಲ್ಲಿ ತೋರಿಸೋ ಮನೆ. ತಟ್ಟೆಯಲ್ಲಿ ಪ್ಲಾಸ್ಟಿಕ್ ಸೇಬು, ಯಾರೂ ಮಲಗದ ಬಿಳಿ ಹಾಸಿಗೆ. ನೆಲ ಒರೆಸುವಾಗ ಆ ಹಾಸಿಗೆಗೆ ಸೆರಗು ತಾಗಿತೆಂದು ಅವಳು ಉಗಿಸಿಕೊಂಡಿದ್ದಳು.

ಬಾಗಿಲನ್ನು ಕಾಲಿನಿಂದ ಒದ್ದು ತೆರೆದಳು. ಒಳಗೆ ಟೈ ಕಟ್ಟಿದವನೊಬ್ಬ ಗಂಡಹೆಂಡಿರಿಗೆ ಕಿಟಕಿಯಿಂದ ಗುಂಡಿ ತೋರಿಸುತ್ತಿದ್ದ. “ನೋಡಿ ಮೇಡಂ, ಈಗಷ್ಟೇ ತುಂಬ್ತಿದೆ. ನಿಮ್ಮದು ಪೂರ್ತಿ ಲೇಕ್ ವ್ಯೂ.”

ಬಾಂಡ್ಲಿಯಕ್ಕ ಮಗಳನ್ನು ಬಿಳಿ ಹಾಸಿಗೆಯ ಮೇಲೆ ಮಲಗಿಸಿ, ಬರಿಮೈ ಕೂಸನ್ನು ಅವಳೆದೆಗೆ ಒತ್ತಿ, ದಪ್ಪ ಹೊದಿಕೆ ಎಳೆದಳು. ಹೊದಿಕೆಯ ತುಂಬ ಕೆಸರಾಯಿತು.

“ಏಯ್! ಎಬ್ಬಿಸೇ ಅವಳನ್ನ! ಅದು ಮಲಗೋಕಲ್ಲ, ತೋರ್ಸೋಕೆ!” ಟೈಯವನು ಕೂಗಿದ.

“ತೋರ್ಸೋಕೆ ತಾನೇ? ತೋರ್ಸೋ ಬೋಳಿಮಗನೆ! ಯಾರ ಮನೆ ಮುಳುಗಿಸಿ ನಿನ್ನ ಲೇಕ್ ತುಂಬ್ತಿದೆ ಅಂತ ಇವರಿಗೆ ತೋರ್ಸು!”

ಕೊಳ್ಳಲು ಬಂದ ಹೆಂಗಸು ಮೂಗಿಗೆ ಕರ್ಚೀಫು ಹಿಡಿದು ಬಾಗಿಲಿನತ್ತ ಸರಿದಳು. ಬಾಂಡ್ಲಿಯಕ್ಕ ಅವಳಿಗಿಂತ ಮುಂಚೆ ಬಾಗಿಲು ತಲುಪಿ ಚಿಲಕ ಜಡಿದು, ಅಳಿಯನನ್ನು ಅಡ್ಡ ನಿಲ್ಲಿಸಿದಳು.

“ಕೂಸು ಅಳೋವರೆಗೂ ಯಾರೂ ಆಚೆ ಹೋಗೋ ಹಾಗಿಲ್ಲ. ಇಲ್ಲೇ ನಿಂತ್ಕೊಂಡು ನೋಡಿ.”

ಅವಳು ಹಾಸಿಗೆಯ ಮೇಲೆ ಕುಳಿತು ಕೂಸಿನ ತಣ್ಣಗಿನ ಅಂಗಾಲು ತಿಕ್ಕತೊಡಗಿದಳು.