ಮೈಕ್ರೋಸ್ಕೋಪಿನ ಕುಂಕುಮ

ಈಗಲೂ ಕರ್ಪೂರದ ವಾಸನೆ ಬಂದರೆ ನನಗೆ ದೇವರಿಗಿಂತ ಮೊದಲು ನಮ್ಮ ಚಾಮರಾಜಪೇಟೆ ಹೈಸ್ಕೂಲಿನ ಸೈನ್ಸ್ ಬೀರು ನೆನಪಾಗುತ್ತದೆ. ಎಪ್ಪತ್ತರ ದಶಕದ ಮಾತು. ಅದರೊಳಗೊಂದು ಮೈಕ್ರೋಸ್ಕೋಪು ಇತ್ತು. ಇತ್ತು ಎಂಬುದಕ್ಕೆ ಸಾಕ್ಷಿ ಸಿಗುತ್ತಿದ್ದದ್ದು ಆಯುಧಪೂಜೆಯ ದಿನ ಮಾತ್ರ. ಸೈನ್ಸ್ ಮೇಷ್ಟ್ರು ಶ್ರೀನಿವಾಸಯ್ಯನವರು ಅದರ ನೆತ್ತಿಗೆ ಕುಂಕುಮ ಮೆತ್ತಿ, ಮಂಗಳಾರತಿ ಎತ್ತಿ, ಮತ್ತೆ ಬೀಗ ಹಾಕುತ್ತಿದ್ದರು.

"ನನ್ನ ಕಾಲದಲ್ಲಿ ಒಂದು ಟೆಸ್ಟ್‌ಟ್ಯೂಬೂ ಒಡೆದಿಲ್ಲ ಕಣ್ರೀ," ಎನ್ನುವುದು ಅವರ ಹೆಮ್ಮೆ. ಕನ್ನಡ ಪಂಡಿತನಾದ ನನಗೆ ಒಡೆಯಲು ಒಗಟುಗಳಷ್ಟೇ ಇದ್ದವು; ಒಪ್ಪಿಕೊಳ್ಳುತ್ತಿದ್ದೆ.

ಒಂದು ವರ್ಷ ಮೇಷ್ಟ್ರುಗಳಿಗೇ ಪಾಠ ಹೇಳಿಕೊಡಲು ಗಿರಿಜಾಂಬಾ ಎನ್ನುವವರು ಬಂದರು. ಕೊಡೆ ಮೂಲೆಗಿಟ್ಟು ಅವರು ಹೇಳಿದ್ದು ಇಷ್ಟೆ: "ಉತ್ತರ ಹೇಳ್ಬೇಡಿ ಸಾರ್. ಮಕ್ಕಳ ಕೈಗೆ ಸಾಮಾನು ಕೊಡಿ. ನೋಡ್ಲಿ, ಕೇಳ್ಲಿ."

"ಒಡೆದ್ರೆ?" ಎಂದರು ಸೈನ್ಸ್ ಮೇಷ್ಟ್ರು.

"ಇನ್ನೊಂದ್ಸಲ ಹುಷಾರಾಗಿ ಹಿಡ್ಕೋತಾರೆ."

ಬೆಳ್ಳಿ ತಟ್ಟೆಯಲ್ಲಿ ದನಕ್ಕೆ ಬೂಸಾ ಇಡಿ ಎಂದು ಹೇಳಿಸಿಕೊಂಡವರಂತೆ ಶ್ರೀನಿವಾಸಯ್ಯನವರು ನನ್ನತ್ತ ನೋಡಿದರು.

ಆದರೂ ಮಾರನೆಯ ದಿನ ಮೈಕ್ರೋಸ್ಕೋಪು ಎಂಟನೇ ಕ್ಲಾಸಿನ ಮೇಜು ಏರಿತು. ಗಿರಿಜಾಂಬಾ ಕಡೇ ಬೆಂಚಿನಲ್ಲಿ, ಪಕ್ಕದಲ್ಲಿ ನಾನು. ಮೇಷ್ಟ್ರು ಗಾಜಿನ ಪಟ್ಟಿಯ ಮೇಲೆ ಈರುಳ್ಳಿಯ ಒಳಪೊರೆ ಇಟ್ಟು, ಇಣುಕಿ, ಗಂಟಲು ಸರಿಮಾಡಿಕೊಂಡರು. "ಈರುಳ್ಳಿಯ ಜೀವಕೋಶಗಳು ಕೆಂಪಗಿರ್ತವೆ. ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ಸಾಲಾಗಿ ಬಂದು ಇಣುಕಿದವರಿಗೂ ಕೆಂಪಗೇ ಕಂಡಿತು. ತರಗುಪೇಟೆಯಿಂದ ಬರುತ್ತಿದ್ದ ಗಂಗರತ್ನ ಮಾತ್ರ ಗಾಜಿನ ಪಟ್ಟಿಯನ್ನು ಈಚೆಗೆಳೆದು ಮತ್ತೊಮ್ಮೆ ಇಣುಕಿದಳು.

"ಸಾರ್, ಈರುಳ್ಳಿ ತೆಗೆದ್ರೂ ಕೆಂಪಗೇ ಐತೆ."

ಕ್ಲಾಸು ಕಿಸಕ್ಕೆಂದಿತು. "ಮುಟ್ಟಬೇಡ, ಕೂತ್ಕೋ" ಎಂಬ ಹಳೆಯ ಮಾತು ಮೇಷ್ಟ್ರ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಅವರು ಕಡೇ ಬೆಂಚಿನತ್ತ ನೋಡಿದರು. ಗಿರಿಜಾಂಬಾ ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದರು.

"ಯಾಕಿರಬಹುದಮ್ಮಾ?" ಎಂದರು ಮೇಷ್ಟ್ರು, ಹೊಸ ಚಪ್ಪಲಿಯಲ್ಲಿ ಹೆಜ್ಜೆಯಿಟ್ಟ ಹಾಗೆ.

"ಮೇಲ್ಗಡೆ ಗಾಜಿಗೆ ಏನೋ ಮೆತ್ಕೊಂಡೈತೆ. ಒರೆಸಿ ನೋಡ್ಲಾ ಸಾರ್?"

ಮೇಷ್ಟ್ರು ಹೆಗಲ ಮೇಲಿನ ಶಲ್ಯ ತೆಗೆದುಕೊಟ್ಟರು. "ಒರೆಸು. ಮೆತ್ತಗೆ, ತಾಯಿ."

ಶಲ್ಯ ಕೆಂಪಾಯಿತು. ಪಟ್ಟಿಯನ್ನು ಮತ್ತೆ ಇಟ್ಟಾಗ ಈರುಳ್ಳಿ, ಸುಣ್ಣ ಬಳಿದ ಇಟ್ಟಿಗೆ ಗೋಡೆಯ ಗೆರೆಗಳ ಹಾಗೆ, ಬಣ್ಣವೇ ಇಲ್ಲದೆ ಕಂಡಿತು.

"ಬರೆದಿದ್ದು ಹೊಡೆದ್ಹಾಕ್ರೋ," ಎಂದರು ಮೇಷ್ಟ್ರು. "ಅದು ಈರುಳ್ಳಿಯಲ್ಲ, ನನ್ನ ಕುಂಕುಮ."

ಆಮೇಲೆ ಎರಡು ಬೀಕರು ಒಡೆದವು. ಅದನ್ನೂ ಅವರು ಹೆಮ್ಮೆಯಿಂದಲೇ ಹೇಳಿಕೊಂಡರು. ಆಯುಧಪೂಜೆಗೆಂದು ಬೀರು ತೆಗೆದರೆ ಮೈಕ್ರೋಸ್ಕೋಪು ಅಲ್ಲಿರಲಿಲ್ಲ, ಕ್ಲಾಸಿನಲ್ಲಿತ್ತು. ಮೇಷ್ಟ್ರು ಕುಂಕುಮದ ಬಟ್ಟಲು ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಬೀರುವಿನ ಬೀಗಕ್ಕೆ ಬೊಟ್ಟಿಟ್ಟರು.

"ಪಾಪ, ಬಹಳ ವರ್ಷ ದುಡಿದಿದೆ," ಎಂದರು.